ಅದಿರಿನ ನಾಡಿಗೆ ಒಪ್ಪುವ ಫೆರೈಟ್ ಪುಡಿ

ಬಳ್ಳಾರಿಯ ವರ್ತಕರು ಕಬ್ಬಿಣದ ಆಕ್ಸೈಡನ್ನು ಟನ್ನುಗಳಲ್ಲಿ ಅಳೆದು ಮಾರಿದವರು; ಮೈಕ್ರಾನುಗಳಲ್ಲಿ ಅಳೆದವರು ವಿರಳ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ, ಅದಿರನ್ನೇ ನಂಬಿದ್ದ ಲಾರಿ ಮಾಲೀಕರೂ ಕ್ರಷರ್ ಘಟಕಗಳೂ ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಅದೇ ಆಕ್ಸೈಡಿನಿಂದಾಗುವ ಫೆರೈಟ್ ಪುಡಿಯತ್ತ ಸಣ್ಣ ಉದ್ಯಮಿಗಳು ನೋಡಲು ಆ ಒಂದು ಅನುಭವವೇ ಸಾಕು.

ಮೊಬೈಲ್ ಚಾರ್ಜರಿನೊಳಗಿನ ಟ್ರಾನ್ಸ್‌ಫಾರ್ಮರಿನ ತಿರುಳು ಮ್ಯಾಂಗನೀಸ್-ಸತು ಫೆರೈಟಿನದು; ಅದರ ತೂಕದಲ್ಲಿ ಸುಮಾರು ಶೇ. 70ರಷ್ಟು ಫೆರಿಕ್ ಆಕ್ಸೈಡ್. ಧ್ವನಿವರ್ಧಕದ ಕಪ್ಪು ಅಯಸ್ಕಾಂತದಲ್ಲಿ ಅದು ಶೇ. 86ರಿಂದ 90. ಹಾಗೆಂದು ಸಂಡೂರಿನ ಅದಿರನ್ನು ಬೀಸಿ ಚೀಲಕ್ಕೆ ತುಂಬಿದರೆ ಆಗದು. ಶೇ. 65 ಕಬ್ಬಿಣವಿರುವ ಉತ್ತಮ ಅದಿರಿನಲ್ಲಿಯೂ ಆಕ್ಸೈಡ್ ಶೇ. 93ರಷ್ಟೇ, ಉಳಿದುದರಲ್ಲಿ ಹೆಚ್ಚಿನದು ಸಿಲಿಕಾ, ಅಲ್ಯುಮಿನಾ. ತಿರುಳಿನ ಫೆರೈಟಿಗೆ ಬಳಸುವ ಆಕ್ಸೈಡಿನಲ್ಲಿ ಸಿಲಿಕಾ ಶೇ. 0.01ರ ಆಸುಪಾಸಿನಲ್ಲಿರಬೇಕು. ಮಿತಿ ಮೀರಿದರೆ ಸುಡುವಾಗ ಕಣಗಳು ಅಡ್ಡಾದಿಡ್ಡಿ ಬೆಳೆದು, ತಿರುಳು ವಿದ್ಯುತ್ತನ್ನು ಶಾಖವಾಗಿ ಪೋಲು ಮಾಡುತ್ತದೆ.

ಆದ್ದರಿಂದ ಕಚ್ಚಾವಸ್ತು ಗಣಿಯಿಂದಲ್ಲ, ಉಕ್ಕಿನ ಕಾರ್ಖಾನೆಯಿಂದ ಬರುತ್ತದೆ. ಉಕ್ಕಿನ ಹಾಳೆಯ ತುಕ್ಕನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದ ದ್ರಾವಣವನ್ನು ಬಿಸಿ ಗೋಪುರದಲ್ಲಿ ಸಿಂಪಡಿಸಿದರೆ ಆಮ್ಲ ಮರಳಿ ದೊರೆಯುತ್ತದೆ, ತಳದಲ್ಲಿ ನುಣ್ಣನೆಯ ಕೆಂಪು ಆಕ್ಸೈಡ್ ಉಳಿಯುತ್ತದೆ. ತೋರಣಗಲ್ಲಿನಲ್ಲಿ ಕೋಲ್ಡ್ ರೋಲಿಂಗ್ ಮಿಲ್ ಇರುವುದರಿಂದ ಈ ಮಾರ್ಗ ಜಿಲ್ಲೆಗೆ ದೂರದ್ದಲ್ಲ. ದ್ರಾವಣವನ್ನು ಮೊದಲೇ ಶುದ್ಧಗೊಳಿಸಿದಷ್ಟೂ ಪುಡಿಯ ದರ್ಜೆ ಏರುತ್ತದೆ.

ಮುಂದಿನದು ಬೆರೆಸುವುದು, ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುವುದು, ಒಂದು ಮೈಕ್ರಾನಿನ ಸಮೀಪಕ್ಕೆ ಮತ್ತೆ ಅರೆಯುವುದು, ಅಂಟು ಸೇರಿಸಿ ಸ್ಪ್ರೇ ಡ್ರೈಯರಿನಲ್ಲಿ ಹರಳಾಗಿಸುವುದು. ಇನ್ನೊಂದು ದಾರಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. 1988ರಲ್ಲಿ ಅಲ್ಲಿನ ಪ್ರೊ. ಕೆ. ಸಿ. ಪಾಟೀಲ ಮತ್ತು ಕಿಂಗ್ಸ್‌ಲಿ ಅವರು ಅಲ್ಯುಮಿನಿಯಂ ನೈಟ್ರೇಟ್ ಹಾಗೂ ಯೂರಿಯಾದ ದ್ರಾವಣವನ್ನು 500 ಡಿಗ್ರಿಯ ಕುಲುಮೆಯಲ್ಲಿಟ್ಟು, ನಿಮಿಷಗಳಲ್ಲಿ ನೊರೆಯಂತಹ ಅಲ್ಯುಮಿನಾ ಪುಡಿ ಪಡೆದರು. ಫೆರೈಟುಗಳನ್ನೂ ಈ ದಹನ ವಿಧಾನದಿಂದ ಮಾಡಬಹುದು. ಆದರೆ ನೈಟ್ರೇಟಿನ ಬೆಲೆ ಮತ್ತು ಹೊರಬರುವ ಅನಿಲಗಳು ದೊಡ್ಡ ಪ್ರಮಾಣಕ್ಕೆ ಅಡ್ಡಿ.

ಮೋಕ, ಕುರುಗೋಡು, ಸಿರುಗುಪ್ಪಗಳು ಭತ್ತ-ಹತ್ತಿಯ ಸೀಮೆ. ಅಕ್ಕಿ ಗಿರಣಿ ನಡೆಸಿದವರಿಗೆ ಯಂತ್ರ, ಚೀಲ, ತೂಕಗಳ ಶಿಸ್ತು ಹೊಸದಲ್ಲ. ಹೊಸದು ನೀರಿನ ಲೆಕ್ಕ. ಕೊಳವೆ ಬಾವಿಯ ನೀರಿನ ಸುಣ್ಣ, ಸೋಡಿಯಂಗಳು ಪುಡಿಯೊಳಗೇ ಉಳಿಯುವುದರಿಂದ ಖನಿಜ ತೆಗೆದ ನೀರೇ ಬೇಕು. ಕೆಪ್ಯಾಸಿಟರಿನ ಬೇರಿಯಂ ಟೈಟನೇಟ್ ಪುಡಿಗೆ ಬಳ್ಳಾರಿಯ ಕೆಂಧೂಳು ವೈರಿ. ಅಲ್ಲಿ ಕಬ್ಬಿಣವೇ ಕಲ್ಮಶ. ಫೆರೈಟಿನಲ್ಲಾದರೋ ಬಾಲ್ ಮಿಲ್ಲಿನ ಉಕ್ಕಿನ ಗುಂಡುಗಳು ಸವೆದು ಸೇರುವ ಕಬ್ಬಿಣವನ್ನು ಮಿಶ್ರಣದಲ್ಲಿ ಮೊದಲೇ ಕಳೆದುಕೊಂಡರಾಯಿತು. ಆ ಕಳೆಯುವ ಲೆಕ್ಕಕ್ಕೆ ಪ್ರತಿ ಸರದಿಯ ರಾಸಾಯನಿಕ ವಿಶ್ಲೇಷಣೆ ಅಗತ್ಯ. ಕುಲುಮೆಗಿಂತ ಮೊದಲು ಬಂಡವಾಳ ಹೂಡಬೇಕಾದುದು ಪ್ರಯೋಗಾಲಯಕ್ಕೆ.