ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ

ದೊಡ್ಡಬಳ್ಳಾಪುರದಿಂದ ಹಿಂದೂಪುರದ ಬಸ್ ಹತ್ತಿದ್ರೆ, ಗೌರಿಬಿದನೂರು ದಾಟಿ ಸ್ವಲ್ಪ ದೂರಕ್ಕೆ ಅಂಗಡಿ ಬೋರ್ಡುಗಳು ತೆಲುಗಿಗೆ ತಿರುಗುತ್ತವೆ. ತೆಲುಗು ಕಲಿಯದ ನಾನೂ ಅರ್ಧಂಬರ್ಧ ಓದ್ತೀನಿ. ಅ, ರ, ಲ, ಜ ಹೆಚ್ಚುಕಡಿಮೆ ನಮ್ಮವೇ ಅಲ್ವಾ! ಆದರೆ ಯೂನಿಕೋಡ್‌ನಲ್ಲಿ ಕನ್ನಡದ 'ರ' 0ಸಿಬಿ0, ತೆಲುಗಿನದು 0ಸಿ30. ಮಧ್ಯೆ 128ರ ಅಂತರ. ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರ್‌ಗೆ ಎರಡು.

ಕೆಲವು ಫಿಶಿಂಗ್ ಮೇಲ್‌ಗಳು ಬಳಸೋದು ಇದನ್ನೇ. ಹೋಮೋಗ್ರಾಫ್ ದಾಳಿ ಅಂತಾರೆ. 2017ರಲ್ಲಿ ಶುಡಾಂಗ್ ಝೆಂಗ್ ಅನ್ನೋ ಸಂಶೋಧಕ ಬರೀ ಸಿರಿಲಿಕ್ ಲಿಪಿಯ ಅಕ್ಷರ ಜೋಡಿಸಿ, ಥೇಟ್ 'ಆ್ಯಪಲ್ ಡಾಟ್ ಕಾಮ್' ಥರ ಕಾಣೋ ವಿಳಾಸ ರಿಜಿಸ್ಟರ್ ಮಾಡಿ ತೋರಿಸಿದ. ಪಕ್ಕದಲ್ಲಿ ಬೀಗದ ಗುರುತೂ ಇತ್ತು. ಆಮೇಲೆ ಕ್ರೋಮ್ 58ರಲ್ಲಿ ಅದನ್ನ ಸರಿ ಮಾಡಿದ್ರು. ಅಂಥ ವಿಳಾಸ ಈಗ 'ಎಕ್ಸ್ ಎನ್' ಅಂತ ಶುರುವಾಗಿ ವಿಚಿತ್ರವಾಗಿ ಕಾಣತ್ತೆ. ಹಾಗೆ ಕಂಡ್ರೆ ಸುಮ್ಮನೆ ಮುಚ್ಚಿಬಿಡಿ.

ಹಾಸ್ಟೆಲ್‌ನಲ್ಲಿ ನಮ್ಮ ರೂಮಿನ ಹುಡುಗನಿಗೆ ಬಂದಿದ್ದು ಬೇರೆ ಥರದ್ದು. 'ಪರೀಕ್ಷೆ ಫೀ ಬಾಕಿ, ಇವತ್ತೇ ಕಟ್ಟಿ' ಅಂತ ಮೇಲ್. ಒಂದೂ ಕಾಗುಣಿತ ತಪ್ಪಿಲ್ಲ (ನಾನು ಬರೆದಿದ್ರೆ ನಾಲ್ಕಾದ್ರೂ ಇರ್ತಿತ್ತು). ಲಿಂಕೂ ಇಲ್ಲ, ಬರೀ ಒಂದು ಕ್ಯೂಆರ್ ಚಿತ್ರ. ಯಾಕೆ ಗೊತ್ತಾ? ಚಿತ್ರದೊಳಗಿನ ಲಿಂಕನ್ನ ಎಷ್ಟೋ ಮೇಲ್ ಫಿಲ್ಟರ್‌ಗಳು ಓದಲ್ಲ. ಜೊತೆಗೆ ನೀವು ಲ್ಯಾಪ್‌ಟಾಪ್ ಬಿಟ್ಟು ಫೋನಿಗೆ ಹೋಗ್ತೀರಿ, ಅಲ್ಲಿ ಪೂರ್ತಿ ವಿಳಾಸ ಕಾಣಲ್ಲ. ಅವನಿಗೆ ಕಂಡಿದ್ದು ನಮ್ಮ ಕಾಲೇಜಿನ ಹೆಸರು, 'ಎಡು ಡಾಟ್ ಇನ್'. ಅದರ ಮುಂದೆ ಇನ್ನೊಂದು ಡಾಟ್, ಇನ್ಯಾವುದೋ ಹೆಸರು ಇತ್ತು. ಡೊಮೇನ್ ಹೆಸರನ್ನ ಬಲಗಡೆಯಿಂದ ಓದಬೇಕು. ಮೊದಲ ಓರೆಗೆರೆಗೆ ಮುಂಚೆ ಬರೋ ಕೊನೆಯ ಎರಡು ಮೂರು ತುಂಡುಗಳೇ ಸೈಟು ಯಾರದ್ದು ಅಂತ ಹೇಳೋದು. ಎಡಗಡೆ ಯಾರು ಏನು ಬೇಕಾದ್ರೂ ಸೇರಿಸಬಹುದು.

ಅವನು ಉಳಿದಿದ್ದು ಹೇಗೆ ಅಂದ್ರೆ, ದಿನಾ ತಾನಾಗೇ ತುಂಬಿಕೊಳ್ಳೋ ಪಾಸ್‌ವರ್ಡ್ ಅವತ್ತು ತುಂಬಲಿಲ್ಲ. 'ಆ್ಯಪ್ ಕೆಟ್ಟಿದೆ ಮಗಾ' ಅಂತ ಬೈಕೊಂಡು ಕೈಯಲ್ಲೇ ಟೈಪ್ ಮಾಡೋಕೆ ಹೊರಟಿದ್ದ. ಕೆಟ್ಟಿರಲಿಲ್ಲ. ಪಾಸ್‌ವರ್ಡ್ ಮ್ಯಾನೇಜರ್ ಅಕ್ಷರದ ಆಕಾರ ನೋಡಲ್ಲ, ಕೋಡ್ ಹೋಲಿಸತ್ತೆ. ಸಿರಿಲಿಕ್ 'ಆ್ಯಪಲ್' ಕೂಡ ಅದರ ಹತ್ತಿರ ನಡೆಯಲ್ಲ.

ಬ್ಯಾಂಕ್ ಮೇಲ್ ಆದ್ರೆ ಈಗ ಸ್ವಲ್ಪ ಸುಲಭ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬರಬೇಕು ಅಂತ ಆರ್‌ಬಿಐ ಹೇಳಿತ್ತು. ಆ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗೋದು.

ಪಾಸ್‌ವರ್ಡ್ ಆಗಲೇ ಕೊಟ್ಟುಬಿಟ್ಟಿದ್ರೆ ನಿಜವಾದ ಸೈಟಿಗೆ ನೀವೇ ಟೈಪ್ ಮಾಡ್ಕೊಂಡು ಹೋಗಿ ಬದಲಾಯಿಸಿ. ದುಡ್ಡೇ ಹೋಗಿದ್ರೆ, ಮನೇಲಿ ಬೈತಾರೆ ಅಂತ ಒಂದು ರಾತ್ರಿ ಯೋಚಿಸ್ತಾ ಕೂರಬೇಡಿ. ಮೊದಲು 1930ಕ್ಕೆ ಫೋನ್ ಮಾಡಿ, ಆಮೇಲೆ ಅಪ್ಪನಿಗೆ.