ಪಾದಕ್ಕೂ ಹತ್ತು ನಿಮಿಷ ಕೊಡಿ

ಶಿವರಾತ್ರಿ, ಯುಗಾದಿ, ದೀಪಾವಳಿಗಳು ಬಂದವೆಂದರೆ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮೇಲೆ ಹಾದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಕಾಲ್ನಡಿಗೆಯ ಭಕ್ತರ ಸಾಲು ಕಾಣುತ್ತದೆ. ಒಟ್ಟು ದಾರಿ ಸುಮಾರು 80 ಕಿಲೋಮೀಟರ್. ತಾಳಬೆಟ್ಟ ದಾಟಿದರೆ ಏರುದಾರಿ. ಕೌದಳ್ಳಿ ಮುಟ್ಟುವಷ್ಟರಲ್ಲಿ ಎಷ್ಟೋ ಮಂದಿ ಮರದ ನೆರಳು ಹುಡುಕಿ ಕುಳಿತು, ಅಂಗಾಲನ್ನು ಮೇಲೆತ್ತಿ ನೋಡಿಕೊಳ್ಳುತ್ತಾರೆ. ವರ್ಷವಿಡೀ ತಿರುಗಿ ನೋಡದ ಪಾದವನ್ನು ಅಂದು ನೋಡುತ್ತಾರೆ. ಅದೂ ಬೊಬ್ಬೆ ಎದ್ದ ಮೇಲೆ!

ಇದು ಯಾತ್ರಿಕರ ಕತೆ ಮಾತ್ರವಲ್ಲ. ರಾಗಿ ಹೊಲದಲ್ಲಿ ದುಡಿಯುವ ರೈತ, ಒಲೆಯ ಮುಂದೆ ನಿಂತೇ ಇರುವ ಗೃಹಿಣಿ, ಬಸ್ಸಿನ ಕಂಡಕ್ಟರ್, ತರಗತಿಯಲ್ಲಿ ನಿಂತು ಪಾಠ ಹೇಳುವ ಶಿಕ್ಷಕರು, ಎಲ್ಲರ ಪಾದಗಳದ್ದೂ ಇದೇ ಪಾಡು. ಮುಖಕ್ಕೆ ದಿನಕ್ಕೆ ನಾಲ್ಕು ಸಲ ಕನ್ನಡಿ ಹಿಡಿಯುವ ನಾವು ಪಾದವನ್ನು ಮರೆತೇಬಿಡುತ್ತೇವೆ.

ಪಾದದ ರಚನೆ

ನಮ್ಮ ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ಎರಡೂ ಸೇರಿದರೆ 52. ಅಂದರೆ ದೇಹದ ಒಟ್ಟು 206 ಮೂಳೆಗಳಲ್ಲಿ ಸುಮಾರು ಕಾಲು ಭಾಗ. ಇವನ್ನು ಬಿಗಿಯಾಗಿ ಹಿಡಿದಿಡಲು ನೂರಕ್ಕೂ ಹೆಚ್ಚು ಸ್ನಾಯುಗಳು, ಸ್ನಾಯುರಜ್ಜುಗಳು, ಅಸ್ಥಿಬಂಧಗಳು ಇವೆ. ಅಂಗಾಲು ಚಪ್ಪಟೆಯಾಗಿಲ್ಲ, ಕಮಾನಿನಂತೆ ಬಾಗಿದೆ. ಹೆಜ್ಜೆ ಊರಿದಾಗ ಕಮಾನು ತುಸು ತಗ್ಗಿ ಭಾರವನ್ನು ಹಂಚಿಕೊಳ್ಳುತ್ತದೆ, ಎತ್ತಿದಾಗ ಮತ್ತೆ ಬಿಗಿಯಾಗಿ ದೇಹವನ್ನು ಮುಂದಕ್ಕೆ ತಳ್ಳುತ್ತದೆ. ದಿನವೆಲ್ಲ ಹೀಗೆ ದುಡಿದ ಸ್ನಾಯುಗಳು ಸಂಜೆಗೆ ಬಿಗಿದುಕೊಳ್ಳುವುದು ಸಹಜ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ವಾಗ್ಭಟನ ‘ಅಷ್ಟಾಂಗ ಹೃದಯ’ವು ದಿನಚರ್ಯೆಯನ್ನು ಹೇಳುವಾಗ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆನ್ನುತ್ತದೆ. ಅಂಗಾಲಿನ ಒಂದೊಂದು ಬಿಂದುವನ್ನು ಒತ್ತಿದರೆ ಯಕೃತ್ತು, ಮೂತ್ರಪಿಂಡಗಳ ರೋಗ ವಾಸಿಯಾಗುತ್ತದೆ ಎಂಬ ಮಾತಿಗೆ ಮಾತ್ರ ವೈಜ್ಞಾನಿಕ ಆಧಾರವಿಲ್ಲ. ಆದರೆ ಮಾಲೀಸಿನಿಂದ ದಣಿವು ಆರುತ್ತದೆ, ಬಿಗಿತ ಸಡಿಲಗೊಳ್ಳುತ್ತದೆ, ಮನಸ್ಸು ಹಗುರವಾಗುತ್ತದೆ. ಇಷ್ಟು ಸಾಲದೇ?

ಮಾಲೀಸು ಹೀಗೆ ಮಾಡಿ

ರಾತ್ರಿ ಮಲಗುವ ಮುಂಚೆ ಪಾದಗಳನ್ನು ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿಕೊಳ್ಳಿ. ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಿ. ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ ಒಂದು ಚಮಚ ಸಾಕು. ಒಂದು ಕಾಲನ್ನು ಇನ್ನೊಂದರ ತೊಡೆಯ ಮೇಲಿಟ್ಟು ಕುಳಿತುಕೊಳ್ಳಿ.

ಮೊದಲು ಎರಡೂ ಅಂಗೈಗಳಿಂದ ಬೆರಳುಗಳ ಕಡೆಯಿಂದ ಹರಡಿನವರೆಗೆ ಐದಾರು ಸಲ ಮೃದುವಾಗಿ ಸವರಿ. ಬಳಿಕ ಹೆಬ್ಬೆರಳುಗಳಿಂದ ಹಿಮ್ಮಡಿಯಿಂದ ಆರಂಭಿಸಿ ಅಂಗಾಲಿನ ಉದ್ದಕ್ಕೂ ಸಣ್ಣ ಸಣ್ಣ ಸುತ್ತು ಹಾಕುತ್ತ ಒತ್ತಿ. ಕಮಾನಿನ ಭಾಗದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಒತ್ತುವಾಗ ಹಿತವೆನಿಸಬೇಕೇ ಹೊರತು ನೋಯಬಾರದು. ಅನಂತರ ಒಂದೊಂದು ಬೆರಳನ್ನೂ ಹಿಡಿದು ಮೆಲ್ಲನೆ ಎಳೆದು, ಆಚೀಚೆ ತಿರುಗಿಸಿ. ನೆಟಿಕೆ ಮುರಿಯುವ ಹಠ ಬೇಡ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಹಿಸುಕಿ ಬಿಡಿ. ಕೊನೆಗೆ ಹರಡನ್ನು ಎರಡೂ ದಿಕ್ಕಿಗೆ ಐದೈದು ಸಲ ಸುತ್ತಿಸಿ, ಮೀನಖಂಡವನ್ನು ಕೆಳಗಿನಿಂದ ಮೇಲಕ್ಕೆ ಸವರಿ. ಒಂದು ಕಾಲಿಗೆ ಐದು ನಿಮಿಷ ಸಾಕು.

ಬೆರಳ ಸಂದುಗಳಲ್ಲಿ ಎಣ್ಣೆ ಉಳಿಯದಂತೆ ಒರೆಸಿ. ಅಲ್ಲಿ ತೇವ ನಿಂತರೆ ಕಜ್ಜಿ ಹುಟ್ಟುತ್ತದೆ. ಎಣ್ಣೆ ಕಾಲಿನಲ್ಲಿ ನೆಲದ ಮೇಲೆ ಓಡಾಡಿ ಜಾರಿ ಬೀಳಬೇಡಿ. ಬಗ್ಗಲಾಗದ ವಯಸ್ಸಾದವರು ಕುರ್ಚಿಯಲ್ಲಿ ಕುಳಿತು, ಒಂದು ರಬ್ಬರ್ ಚೆಂಡನ್ನು ಅಂಗಾಲಿನ ಕೆಳಗಿಟ್ಟು ಹಿಂದೆ ಮುಂದೆ ಉರುಳಿಸಿದರೂ ಆದೀತು.

ನೋವಿಲ್ಲದ ಪಾದ

ಮಾಲೀಸಿನ ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಆ ಹತ್ತು ನಿಮಿಷ ನಿಮ್ಮ ಕಣ್ಣು ಪಾದದ ಮೇಲಿರುತ್ತದೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ನರಗಳು ಕೆಡುತ್ತವೆ. ಎಲ್ಲಕ್ಕಿಂತ ಉದ್ದದ ನರಗಳು ಪಾದಕ್ಕೆ ಹೋಗುವಂಥವು. ಆದ್ದರಿಂದ ಸಾಮಾನ್ಯವಾಗಿ ಸ್ಪರ್ಶ ಮೊದಲು ಕುಂದುವುದು ಕಾಲ್ಬೆರಳುಗಳಲ್ಲಿ. ಮುಳ್ಳು ಚುಚ್ಚಿದರೂ, ಟಾರು ಸುಟ್ಟರೂ ತಿಳಿಯದು. ‘ನನಗೇನೂ ನೋವಿಲ್ಲ’ ಎನ್ನುತ್ತಿರುವಾಗಲೇ ಗಾಯ ಕೀವಾಗಿ ಮೂಳೆ ಮುಟ್ಟಿರುತ್ತದೆ. ಬೆರಳನ್ನೋ ಕಾಲನ್ನೋ ಕತ್ತರಿಸಬೇಕಾಗಿ ಬರುವುದು ಬಹುಮಟ್ಟಿಗೆ ಇಂಥ ಸಣ್ಣ ಗಾಯದಿಂದಲೇ. 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಸೇವೆಗೆ ನಿಂತ ಡಾ. ಪಾಲ್ ಬ್ರಾಂಡ್ ಕಂಡುಕೊಂಡ ಸತ್ಯವೂ ಇದೇ. ರೋಗಿಗಳ ಕೈಕಾಲು ಬೆರಳುಗಳು ಸವೆಯಲು ಮುಖ್ಯ ಕಾರಣ ನೋವು ತಿಳಿಯದೆ ಆಗುವ ಪೆಟ್ಟು, ಸುಟ್ಟ ಗಾಯಗಳು ಎಂದು ಅವರು ತೋರಿಸಿಕೊಟ್ಟರು. ನೋವು ನಮ್ಮ ಶತ್ರುವಲ್ಲ, ಕಾವಲುಗಾರ.

ಈ ಕಾವಲುಗಾರ ಎಚ್ಚರವಾಗಿದ್ದಾನೆಯೇ ಎಂದು ಮನೆಯಲ್ಲೇ ನೋಡಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ವೈದ್ಯರು ರೂಢಿಗೆ ತಂದ ಸುಲಭ ವಿಧಾನವಿದು. ನೀವು ಕಣ್ಣು ಮುಚ್ಚಿ ಮಲಗಿ. ಮನೆಯವರೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ, ಒತ್ತದಿರಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶ ತಿಳಿಯದಿದ್ದರೆ ವೈದ್ಯರಿಗೆ ತೋರಿಸಿ.

ಯಾರಿಗೆ ಮಾಲೀಸು ಬೇಡ?

ಪಾದ ಜೋಮು ಹಿಡಿದಿರುವ ಸಕ್ಕರೆ ಕಾಯಿಲೆಯವರು ಬಿಸಿನೀರಿನ ಶಾಖ, ಜೋರಾದ ಒತ್ತಡ ಎರಡನ್ನೂ ಬಿಡಬೇಕು. ಹಗುರವಾಗಿ ಎಣ್ಣೆ ಸವರಿ, ಅಂಗಾಲಿಗೆ ಕನ್ನಡಿ ಹಿಡಿದು ದಿನವೂ ನೋಡಿಕೊಳ್ಳಬೇಕು. ಗಾಯ, ಹುಣ್ಣು, ಹೊಸ ಉಳುಕು ಇದ್ದಲ್ಲಿ ಮಾಲೀಸು ಸಲ್ಲದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಖಂಡಿತ ತಿಕ್ಕಬೇಡಿ. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ.

ಬೆಟ್ಟಕ್ಕೆ ನಡೆದು ಹೋಗುವವರಿಗೆ ಒಂದು ಮಾತು. ಬೊಬ್ಬೆಯನ್ನು ಸೂಜಿಯಿಂದ ಚುಚ್ಚಬೇಡಿ, ಶುದ್ಧ ಬಟ್ಟೆ ಕಟ್ಟಿ. ರಾತ್ರಿ ತಂಗಿದಲ್ಲಿ ಕಾಲುಗಳನ್ನು ಗಂಟಿನ ಮೇಲೆ ಎತ್ತರಿಸಿ ಒರಗಿ. ಸಕ್ಕರೆ ಕಾಯಿಲೆ ಇರುವವರು ದಯವಿಟ್ಟು ಬರಿಗಾಲಿನಲ್ಲಿ ನಡೆಯಬೇಡಿ. ಚಪ್ಪಲಿಯನ್ನು ಗುಡಿಯ ಬಾಗಿಲಲ್ಲಿ ಬಿಟ್ಟರೆ ಮಾದಪ್ಪ ಮುನಿಯುವುದಿಲ್ಲ. ಮುಂದಿನ ವರ್ಷವೂ ನೀವು ನಡೆದೇ ಬರಬೇಕಲ್ಲವೇ? ಇಂದು ರಾತ್ರಿಯೇ ದೀಪದ ಬೆಳಕಿನಲ್ಲಿ ಒಮ್ಮೆ ನಿಮ್ಮ ಅಂಗಾಲನ್ನು ತಿರುಗಿಸಿ ನೋಡಿ.