ಸ್ಪೇನಿನಲ್ಲಿ ಓದು: ಅರ್ಧಕ್ಕೆ ನಿಲ್ಲುವ ಸ್ಪ್ಯಾನಿಷ್‌ಗೆ ಕನ್ನಡದ ಊರುಗೋಲು

ವಿದೇಶಕ್ಕೆ ಓದಲು ಹೋದರೆ ಅಲ್ಲಿನ ಭಾಷೆ ತಾನಾಗಿಯೇ ಬಾಯಿಗೆ ಬರುತ್ತದೆ ಎಂಬುದು ನಮ್ಮಲ್ಲಿ ಹಲವರ ನಂಬಿಕೆ. ಸ್ಪೇನಿನ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ಅಂಗಡಿಯಲ್ಲಿ ಹಾಲು, ಬ್ರೆಡ್ಡು ಕೇಳುವಷ್ಟು ಸ್ಪ್ಯಾನಿಷ್ ಬೇಗ ಬರುತ್ತದೆ. ಅಲ್ಲಿಂದ ಮುಂದೆ ಬಂಡಿ ಏರುವುದಿಲ್ಲ.

ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಭಾಷಾ ಕಲಿಕೆಗೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳು. ಸೆರ್ವಾಂಟೆಸ್ ಸಂಸ್ಥೆಯ 'ಡೆಲೆ' ಪರೀಕ್ಷೆಗಳೂ ಇದೇ ಕ್ರಮದಲ್ಲಿ ನಡೆಯುತ್ತವೆ. ನಡುವಿನ ಬಿ1, ಬಿ2 ಮಧ್ಯಮ ಹಂತಗಳು. ಬಿ1ರಲ್ಲಿ ದಿನನಿತ್ಯದ ವ್ಯವಹಾರ ಸಾಗುತ್ತದೆ; ಬಿ2 ತಲುಪಿದರೆ ತನ್ನ ಅಭಿಪ್ರಾಯವನ್ನು ಕಾರಣ ಸಹಿತ ಮಂಡಿಸಬಹುದು. ಅನೇಕರು ನಿಂತುಬಿಡುವುದು ಇವೆರಡರ ನಡುವೆ.

ಸಲಮಾಂಕಾ ನಗರವನ್ನೇ ನೋಡಿ. ಅಲ್ಲಿನ ವಿಶ್ವವಿದ್ಯಾಲಯ ಆರಂಭವಾದದ್ದು 1218ರಲ್ಲಿ. ನೆಬ್ರಿಹಾ ಬರೆದ ಕ್ಯಾಸ್ಟಿಲಿಯನ್ ವ್ಯಾಕರಣ 1492ರಲ್ಲಿ ಅಚ್ಚಾದದ್ದೂ ಅದೇ ಊರಿನಲ್ಲಿ. ಸ್ಪ್ಯಾನಿಷ್ ಕಲಿಯಲೆಂದೇ ಹೊರದೇಶದವರು ಅಲ್ಲಿಗೆ ಬರುತ್ತಾರೆ. ಆದರೆ ತರಗತಿ ಮುಗಿದ ಮೇಲೆ ವಿದೇಶಿ ಗೆಳೆಯರ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರೆ ಸಲಮಾಂಕಾದಲ್ಲಿದ್ದರೂ ಒಂದೇ, ಸೊಲ್ಲಾಪುರದಲ್ಲಿದ್ದರೂ ಒಂದೇ.

ಇಂಗ್ಲಿಷ್ ಬಿಡಿ, ಕನ್ನಡ ಹಿಡಿಯಿರಿ

ನಮ್ಮವರು ಮಾಡುವ ಇನ್ನೊಂದು ತಪ್ಪೆಂದರೆ, ಪ್ರತಿ ವಾಕ್ಯವನ್ನೂ ಇಂಗ್ಲಿಷಿನ ಮೂಲಕ ಅರ್ಥ ಮಾಡಿಕೊಳ್ಳಲು ಹೋಗುವುದು. ಹಲವು ಕಡೆ ಕನ್ನಡವೇ ಹತ್ತಿರದ ದಾರಿ.

'ಮೆ ಗುಸ್ತಾ ಎಲ್ ಕಫೆ' ಎಂದರೆ 'ನನಗೆ ಕಾಫಿ ಇಷ್ಟ'. ಇಲ್ಲಿ 'ಮೆ' ಎಂಬುದು ನಮ್ಮ 'ನನಗೆ'ಯೇ. 'ಬಂದೆ' ಎಂದರೆ 'ನಾನು' ಎಂದು ಹೇಳಬೇಕಿಲ್ಲ. ಸ್ಪ್ಯಾನಿಷಿನಲ್ಲೂ ಕ್ರಿಯಾಪದದ ಕೊನೆಯೇ ಯಾರೆಂದು ತಿಳಿಸುತ್ತದೆ. 'ಕೊಮಿ' ಎಂದರೆ 'ತಿಂದೆ', 'ಕೊಮಿಯಾ' ಎಂದರೆ 'ತಿನ್ನುತ್ತಿದ್ದೆ'.

ಮಧ್ಯಮ ಹಂತದಲ್ಲಿ ಎಲ್ಲರನ್ನೂ ಕಾಡುವುದು 'ಸಬ್‌ಹುಂತಿವೊ' ಎಂಬ ಕ್ರಿಯಾರೂಪ. ಖಚಿತವಾದದ್ದಕ್ಕೆ 'ಬಿಯೆನೆ', ಅಂದರೆ 'ಬರುತ್ತಾನೆ'. ಆಸೆಯಿದ್ದಾಗ 'ಬೆಂಗಾ', ಅಂದರೆ 'ಬರಲಿ'. 'ಅವನು ಬರಲಿ ಎಂದು ಆಶಿಸುತ್ತೇನೆ' ಎನ್ನುವ ಕನ್ನಡಿಗನಿಗೆ ಇದು ತೀರಾ ಹೊಸದಲ್ಲ. ಅನುಮಾನ ತೋರಿಸುವಾಗಲೂ ಸ್ಪ್ಯಾನಿಷಿನಲ್ಲಿ ಇದೇ ರೂಪ ಬರುತ್ತದೆ; ಅಲ್ಲಿ ಮಾತ್ರ 'ಬರಲಿ' ಹೊಂದುವುದಿಲ್ಲ, ಅದನ್ನು ಬೇರೆಯಾಗಿಯೇ ಕಲಿಯಬೇಕು.

ಕಷ್ಟಗಳೂ ಇಲ್ಲದಿಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು ಎಂಬ ಲಿಂಗಭೇದ ಕನ್ನಡದಲ್ಲಿಲ್ಲ. ಮರಾಠಿ ಬಲ್ಲ ಅಕ್ಕಲಕೋಟೆ, ಜತ್ತದ ಹುಡುಗರಿಗೆ ಇದು ಅಷ್ಟು ವಿಚಿತ್ರ ಅನ್ನಿಸದು. ಒತ್ತು ಎಲ್ಲಿ ಬೀಳುತ್ತದೆ ಎಂಬುದೂ ಮುಖ್ಯ: 'ಆಬ್ಲೊ' ಎಂದು ಮೊದಲಕ್ಷರ ಒತ್ತಿದರೆ 'ಮಾತಾಡುತ್ತೇನೆ', ಕೊನೆಯದನ್ನು ಒತ್ತಿದರೆ 'ಮಾತಾಡಿದನು'.

ಮಾಡಬೇಕಾದ್ದೇನು?

ಸ್ಪ್ಯಾನಿಷ್ ಮನೆಮಾತಿನವರ ಜೊತೆ ವಾಸಕ್ಕಿರಿ. 'ಇಂತೆರ್‌ಕಾಂಬಿಯೊ' ಎಂಬ ಕೊಡು-ಕೊಳ್ಳುವ ಪದ್ಧತಿಯುಂಟು: ಅರ್ಧ ತಾಸು ಅವರ ಭಾಷೆ, ಅರ್ಧ ತಾಸು ನಿಮಗೆ ಬರುವ ಭಾಷೆ. ಊಟ ಮುಗಿದ ಮೇಲೂ ಮೇಜು ಬಿಡದೆ ಹರಟುವುದಕ್ಕೆ ಅವರಲ್ಲಿ 'ಸೋಬ್ರೆಮೆಸಾ' ಎಂಬ ಹೆಸರೇ ಇದೆ. ನಮ್ಮ ಎಲೆಅಡಿಕೆ ಹೊತ್ತಿನ ಮಾತಿನಂತೆ. ಅಲ್ಲಿಂದ ಎದ್ದು ಹೋಗಬೇಡಿ. ವಾದ, ತಮಾಷೆ, ಹಳೆಯ ಕಥೆ ಎಲ್ಲ ಬರುವುದು ಅಲ್ಲೇ. ಬಿ2ಕ್ಕೆ ಬೇಕಾದ್ದೂ ಅದೇ.

ಗಡಿನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಸರಗೋಡಿನಲ್ಲಿ ಮಲಯಾಳ, ಆದೋನಿಯಲ್ಲಿ ತೆಲುಗು ನಮ್ಮಲ್ಲಿ ಅನೇಕರಿಗೆ ಬಂದದ್ದು ತಪ್ಪು ಮಾತಾಡಿ, ಎದುರಿನವರು ನಕ್ಕು ತಿದ್ದಿದ ಮೇಲೆಯೇ. ನಗುತ್ತಾರೆಂದು ಬಾಯಿ ಮುಚ್ಚಿಕೊಂಡರೆ ಎರಡು ವರ್ಷ ಇದ್ದು ಬಂದರೂ ಹಾಲು, ಬ್ರೆಡ್ಡಿನ ಸ್ಪ್ಯಾನಿಷ್ ಅಷ್ಟೇ ಉಳಿದೀತು.